ಷೇರು, ಕುರ್ಚಿ ಮತ್ತು ನಾಲ್ಕು ಅಡಿ ದಪ್ಪದ ಗೋಡೆ: ಒಂದು ಗಣಿ ಊರಿನ ಒಪೆರಾ ಹೌಸ್ ಪ್ರಕರಣ

ನಮ್ಮ ನಾಟಕ ಸಂಘದಲ್ಲಿ ಸ್ವಂತ ರಂಗಮಂದಿರದ ಮಾತು ಎದ್ದಾಗಲೆಲ್ಲ ಚರ್ಚೆ ನೇರ ಕಟ್ಟಡಕ್ಕೇ ಹೋಗುತ್ತದೆ. ಸೈಟು ಎಲ್ಲಿ, ಆರ್‌ಸಿಸಿಯೋ ಶೀಟೋ, ಸ್ಟೇಜಿನ ಅಗಲ ಎಷ್ಟು, ಶಾಸಕರ ನಿಧಿಯಿಂದ ಎಷ್ಟು ಬಂದೀತು. ಎದ್ದು ನಿಂತ ಮೇಲೆ ಅದು ಯಾರದ್ದು, ನಾಳೆ ಕೈ ಸೋತರೆ ಅದನ್ನು ಮಾರುವ ಹಕ್ಕು ಯಾರಿಗೆ ಎಂದು ಯಾರಾದರೂ ಬಾಯಿ ತೆರೆದರೆ, "ಗುದ್ದಲಿ ಪೂಜೆಗೆ ಮುಂಚೆ ಅಪಶಕುನ ನುಡೀಬೇಡಿ ಮಾರಾಯ್ರೇ" ಎಂದು ಕೂರಿಸಿಬಿಡುತ್ತಾರೆ. ನಾನೂ ಎರಡು ಸಲ ಹಾಗೆ ಕೂತವನೇ. ಆಮೇಲೆ ಹುಡುಕಾಡುತ್ತಾ ಹೋದಾಗ ಸಿಕ್ಕಿದ್ದು ಈ ಪ್ರಕರಣ. ದೂರದ್ದು, ಅಮೆರಿಕದ್ದು, ಒಂದೂವರೆ ಶತಮಾನ ಹಳೆಯದು. ಹಾಗಿದ್ದರೂ ಓದುತ್ತಾ ಹೋದಂತೆ ನಮ್ಮ ಸಂಘದ ಮೀಟಿಂಗ್ ಪುಸ್ತಕವನ್ನೇ ತಿರುವಿ ಹಾಕಿದ ಹಾಗಾಯಿತು.

ಊರು ಮತ್ತು ಕಟ್ಟಡ ಎಲ್ಲರಿಗೂ ಗೊತ್ತಿರುವಂಥವು, ಅವುಗಳ ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ತೀರ್ಮಾನ ತೆಗೆದುಕೊಂಡ ಊರಿನವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಗುತ್ತಿಗೆದಾರ, ಸೊಸೆ, ಗವರ್ನರರ ಮಗಳು ಎಂದಷ್ಟೇ ಹೇಳುತ್ತೇನೆ. ಈ ಪಾತ್ರಗಳು ಯಾವ ಊರಿನ ಸಂಘದಲ್ಲೂ ಇರುವಂಥವೇ.

ಹಿನ್ನೆಲೆ

ಕೊಲೊರಾಡೋ ರಾಜ್ಯದ ಸೆಂಟ್ರಲ್ ಸಿಟಿ. ರಾಕಿ ಬೆಟ್ಟಸಾಲಿನ ಒಳಗೆ ಸುಮಾರು 8,500 ಅಡಿ ಎತ್ತರದ ಕೊರಕಲಿನಲ್ಲಿ ಸಿಕ್ಕಿಕೊಂಡ ಊರು. ಡೆನ್ವರ್ ನಗರದಿಂದ ಪಶ್ಚಿಮಕ್ಕೆ 35 ಮೈಲಿಯಷ್ಟು ದೂರ. 1859ರ ಮೇ ತಿಂಗಳಲ್ಲಿ ಪಕ್ಕದ ಕಣಿವೆಯಲ್ಲಿ ಚಿನ್ನದ ಅದಿರು ಸಿಕ್ಕಿದ್ದೇ ತಡ, ಜನ ಇರುವೆ ಸಾಲಿನಂತೆ ಹತ್ತಿ ಬಂದರು. "ಭೂಮಿಯ ಮೇಲಿನ ಅತ್ಯಂತ ಶ್ರೀಮಂತ ಚದರ ಮೈಲಿ" ಎಂದು ಆ ಜಾಗಕ್ಕೆ ಹೆಸರಾಯಿತು.

ಬಂದವರಲ್ಲಿ ಮುಖ್ಯರಾದವರು ಇಂಗ್ಲೆಂಡಿನ ಕಾರ್ನ್‌ವಾಲ್ ಮತ್ತು ಪಕ್ಕದ ವೇಲ್ಸ್ ಕಡೆಯ ಗಣಿಗಾರರು. ಕಾರ್ನ್‌ವಾಲ್‌ನವರು ನಮಗೆ ಪೂರ್ತಿ ಅಪರಿಚಿತರಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಾಗ ಗಟ್ಟಿ ಬಂಡೆ ಕೊರೆಯುವ ವಿದ್ಯೆಯ ಜೊತೆಗೆ ಬಂದವರೂ ಅದೇ ಸೀಮೆಯವರು. ಅವರು ಎಲ್ಲಿ ಹೋದರೂ ಜೊತೆಗೆ ಒಯ್ಯುತ್ತಿದ್ದದ್ದು ಎರಡು: ಗಣಿಯ ಕಸುಬು ಮತ್ತು ಮೆಥಡಿಸ್ಟ್ ಚರ್ಚಿನಲ್ಲಿ ಎಳವೆಯಿಂದ ಕಲಿತ ಗುಂಪು ಹಾಡಿಕೆ. ವಾರವೆಲ್ಲ ಪಾತಾಳದಲ್ಲಿ ದುಡಿದು ಭಾನುವಾರ ಎದೆತುಂಬಿ ಹಾಡುವ ಜನ.

1874ರ ಮೇ ತಿಂಗಳಲ್ಲಿ ಊರಿಗೆ ಬೆಂಕಿ ಬಿತ್ತು. ಮರದ ಪೇಟೆ, ಮರದ ಮಾಡು. ಹೆಚ್ಚುಕಡಿಮೆ ಇಡೀ ವ್ಯಾಪಾರದ ಬೀದಿ ಬೂದಿಯಾಯಿತು, ಅದರಲ್ಲಿ ಊರಿನ ಹಳೆಯ ನಾಟಕ ಮಂದಿರವೂ ಹೋಯಿತು. ಮತ್ತೆ ಕಟ್ಟುವಾಗ ಜನ ಇಟ್ಟಿಗೆ, ಕಲ್ಲು ಎಂದರು. ಬೆಲ್ವಿಡಿಯರ್ ಎಂಬ ಹೊಸ ಥಿಯೇಟರ್ ಕೂಡ ಎದ್ದಿತು. ಅಂದರೆ ಒಪೆರಾ ಹೌಸಿನ ಯೋಚನೆ ಹುಟ್ಟುವ ಹೊತ್ತಿಗೆ ಊರಿನಲ್ಲಿ ನಾಟಕ ಆಡುವ ಜಾಗ ಇರಲೇ ಇಲ್ಲ ಅನ್ನುವಂತಿರಲಿಲ್ಲ.

"ಒಪೆರಾ ಹೌಸ್" ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಆ ಕಾಲದ ಅಮೆರಿಕದ ಸಣ್ಣ ಊರುಗಳಲ್ಲಿ ಥಿಯೇಟರ್ ಎಂದರೆ ಚರ್ಚಿಗೆ ಹೋಗುವ ಮನೆತನಗಳು ಮುಖ ಸಿಂಡರಿಸುತ್ತಿದ್ದವು. ಕುಡಿತ, ಕುಣಿತ, ಕೆಟ್ಟ ಹೆಸರಿನ ಹೆಂಗಸರು ಎಂಬ ಭಾವನೆ. ಒಪೆರಾ ಹೌಸ್ ಎಂದುಬಿಟ್ಟರೆ ಮರ್ಯಾದಸ್ಥರು ಹೆಂಡತಿ ಮಕ್ಕಳೊಂದಿಗೆ ಬರಬಹುದು. ಹಾಗಾಗಿ ಒಪೆರಾ, ಅಂದರೆ ಹಾಡಿನಲ್ಲೇ ಕಥೆ ನಡೆಯುವ ನಾಟಕ, ವರ್ಷಕ್ಕೊಂದೂ ಆಗದ ಊರುಗಳಲ್ಲೂ ಆ ಬೋರ್ಡು ತೂಗುತ್ತಿತ್ತು. ನಮ್ಮಲ್ಲಿ ನಾಟಕ ಕಂಪನಿಗಳು ದೇವರ ಹೆಸರಿನ ಹಿಂದೆ "ಸಂಗೀತ ನಾಟಕ ಮಂಡಳಿ" ಎಂದು ಸೇರಿಸಿಕೊಂಡಾಗಲೂ ಇಂಥದೇ ಒಂದು ಲೆಕ್ಕಾಚಾರ ಇದ್ದಿರಬೇಕು ಎಂಬುದು ನನ್ನ ಗುಮಾನಿ.

ಒಂದು ಹೌಸ್‌ಫುಲ್ ಪ್ರದರ್ಶನ

1877ರಲ್ಲಿ ಊರಿನ ಹವ್ಯಾಸಿಗಳೇ ಸೇರಿ ಬೆಲ್ವಿಡಿಯರ್‌ನಲ್ಲಿ "ದ ಬೊಹಿಮಿಯನ್ ಗರ್ಲ್" ಒಪೆರಾ ಆಡಿದರು. ಐರ್ಲೆಂಡಿನ ಮೈಕೆಲ್ ಬಾಲ್ಫ್ 1843ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ತಂದ ಕೃತಿ ಅದು. ಇಂಗ್ಲಿಷ್ ಮಾತಾಡುವ ಕಡೆಯಲ್ಲೆಲ್ಲ ಅದರ ಹಾಡುಗಳು ಬಾಯಿಂದ ಬಾಯಿಗೆ ಹರಿದಿದ್ದವು. ಪ್ರಯೋಗ ಗೆದ್ದಿತು, ಊರು ಕುಣಿಯಿತು. ಆ ಹುಮ್ಮಸ್ಸಿನಲ್ಲೇ, ಇಂಥ ಹಾಡಿಗೆ ತಕ್ಕ ಮನೆ ಬೇಡವೇ ಎಂಬ ಮಾತು ಹೊರಟಿತು.

ಈ ಪ್ರಕರಣದ ಮೊದಲ ತಿರುವು ಇದು. ತಪ್ಪು ಲೆಕ್ಕ ಶುರುವಾದದ್ದೂ ಇಲ್ಲೇ ಎಂದು ನನಗನ್ನಿಸುತ್ತದೆ. ಊರಿನವರೇ ಆಡುವ ನಾಟಕಕ್ಕೆ ಊರು ತುಂಬುವುದು ಸಹಜ. ಮಗ ಕೋರಸ್ಸಿನಲ್ಲಿ ನಿಂತಿದ್ದರೆ ಅಪ್ಪ ಅಮ್ಮ, ಅತ್ತೆ ಮಾವ, ಅಕ್ಕಪಕ್ಕದ ಮನೆಯವರು ಎಲ್ಲ ಟಿಕೆಟ್ ಕೊಂಡು ಬರುತ್ತಾರೆ. ನಮ್ಮ ಸಂಘದ ವಾರ್ಷಿಕ ನಾಟಕಕ್ಕೂ ಶಾಮಿಯಾನದ ಹೊರಗೆ ಜನ ನಿಲ್ಲುತ್ತಾರೆ. ಮರುವಾರ ಹೊರಗಿನ ತಂಡವನ್ನು ಕರೆಸಿ, ಮುಂದಿನ ಮೂರು ಸಾಲಿನಲ್ಲಿ ಪದಾಧಿಕಾರಿಗಳಷ್ಟೇ ಕೂತದ್ದನ್ನು ನಾನು ಕಂಡಿದ್ದೇನೆ. ನೆಂಟರಿಷ್ಟರ ಜನಸಂದಣಿಯನ್ನು ಪ್ರೇಕ್ಷಕ ವರ್ಗ ಎಂದು ಎಣಿಸಿ ಅದರ ಮೇಲೆ ಗೋಡೆ ಏರಿಸಿದರೆ, ಗೋಡೆ ಗಟ್ಟಿಯಿದ್ದಷ್ಟೂ ಹೊರೆ ಹೆಚ್ಚು.

ಊರಿನ ಜನ ಗಿಲ್ಪಿನ್ ಕೌಂಟಿ ಒಪೆರಾ ಹೌಸ್ ಅಸೋಸಿಯೇಷನ್ ಕಟ್ಟಿಕೊಂಡರು. ಕೌಂಟಿ ಎಂದರೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ಸರ್ಕಾರದ ಕಾಸಿಲ್ಲ, ಒಬ್ಬ ಸಾಹುಕಾರನ ದಾನವೂ ಅಲ್ಲ. ಊರಿನವರಿಂದ ಷೇರು ಹಣ ಎತ್ತಿದರು. ಕೊಲೊರಾಡೋ ಒಂದು ರಾಜ್ಯವಾಗಿ ಇನ್ನೂ ವರ್ಷವಷ್ಟೇ ಕಳೆದಿತ್ತು. ಹಾಗಿರುವಾಗ ಬೆಟ್ಟದ ಮೇಲಿನ ಗಣಿಗಾರರು ತಮ್ಮ ದುಡಿಮೆಯಲ್ಲಿ ಒಪೆರಾ ಹೌಸ್ ಎಬ್ಬಿಸಲು ಹೊರಟದ್ದು ಸಣ್ಣ ಎದೆಗಾರಿಕೆಯಲ್ಲ.

ಕಟ್ಟುವ ವಿಷಯದಲ್ಲಿ ಅವರು ಎಲ್ಲೂ ಕೈ ಬಿಗಿ ಹಿಡಿಯಲಿಲ್ಲ. ಡೆನ್ವರಿನಿಂದ ರಾಬರ್ಟ್ ರೋಶ್ಲಾಬ್ ಎಂಬ ವಾಸ್ತುಶಿಲ್ಪಿಯನ್ನು ಕರೆತಂದರು. ಬೆಂಕಿಯ ನೆನಪು ಹಸಿಯಾಗಿತ್ತು, ಗೋಡೆಯನ್ನು ಕಲ್ಲಿನಲ್ಲಿ ನಾಲ್ಕು ಅಡಿ ದಪ್ಪಕ್ಕೆ ಏರಿಸಿದರು. ನಮ್ಮ ಹಳ್ಳಿಯ ಹಳೆಯ ಕೋಟೆ ಗೋಡೆಯ ಮೇಲೆ ಇಬ್ಬರು ಎದುರುಬದುರಾಗಿ ಕಾಲು ಚಾಚಿ ಕೂರುತ್ತೇವಲ್ಲ, ಅಷ್ಟು ಅಗಲ. ಒಳಗಿನ ಮೇಲ್ಛಾವಣಿಗೆ ಬಣ್ಣ ಬರೆಯಲು ಸ್ಯಾನ್ ಫ್ರಾನ್ಸಿಸ್ಕೋದಿಂದ ಕಲಾವಿದ ಬಂದ. ಕೆಳಗೆ ಕೂತವರಿಗೆ ಚಪ್ಪಟೆ ಮಾಡಿನಲ್ಲೇ ಗುಮ್ಮಟ ತೆರೆದು ಆಕಾಶ ಕಾಣುವಂತೆ ಕಣ್ಕಟ್ಟಿನ ಚಿತ್ರ ಬರೆದ. ಮರಗೆಲಸ, ಕಟ್ಟಡದ ಕೆಲಸ ನೋಡಿಕೊಂಡವರಲ್ಲಿ ಊರಿನಲ್ಲೇ ನೆಲೆಸಿದ್ದ ಅಣ್ಣತಮ್ಮಂದಿರಿಬ್ಬರಿದ್ದರು. ಅವರಲ್ಲೊಬ್ಬನನ್ನು ನೆನಪಿಟ್ಟುಕೊಳ್ಳಿ, ಮುಂದೆ ಗುತ್ತಿಗೆದಾರ ಎಂದು ಹೇಳುವುದು ಅವನನ್ನೇ.

ವರ್ಷ ತುಂಬುವ ಮೊದಲೇ ಕೆಲಸ ಮುಗಿಯಿತು. 1878ರ ಮಾರ್ಚ್ 4ರಂದು ಉದ್ಘಾಟನೆ. ಮೊದಲ ರಾತ್ರಿ ಹಾಡು, ವಾದ್ಯಗಳ ಕಛೇರಿ. ಮರುರಾತ್ರಿ ಎರಡು ನಾಟಕ. ಹಾಡುವವರಿಗೊಂದು ದಿನ, ಆಡುವವರಿಗೊಂದು ದಿನ ಎಂಬ ಈ ಹಂಚಿಕೆಯನ್ನು ನೋಡಿದರೆ, ಊರಿನಲ್ಲಿ ಎರಡು ಗುಂಪಿದ್ದು ಇಬ್ಬರ ಮನಸ್ಸನ್ನೂ ಕಾಯಬೇಕಾಗಿತ್ತು ಎಂಬ ವಾಸನೆ ಬಡಿಯುತ್ತದೆ. ಸಂಘ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಟ್ಟಿದ ಮರುದಿನದಿಂದ

ಗೋಡೆಗೆ ಕೂಡಿಸಿದಂತೆ ವರ್ಷಾವಧಿ ಖರ್ಚಿಗೆ ದುಡ್ಡು ಕೂಡಿಸಿರಲಿಲ್ಲ. ಷೇರು ಕೊಂಡವರು ಕಟ್ಟಡ ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುತ್ತದೆ ಎಂದುಕೊಂಡಿದ್ದರು. ಅದಕ್ಕೆ ವರ್ಷವಿಡೀ ತಂಡಗಳು ಬರಬೇಕು, ಬಂದ ತಂಡಕ್ಕೆ ಜನ ಸೇರಬೇಕು, ಹಿಮ ಬೀಳುವ ಕಾಲದಲ್ಲಿ ಅಷ್ಟು ದೊಡ್ಡ ಕಲ್ಲಿನ ಕೋಣೆಯನ್ನು ಬೆಚ್ಚಗಿಡಬೇಕು.

ಕಾಲ ಕೂಡಿ ಬರಲಿಲ್ಲ. ಒಪೆರಾ ಹೌಸ್ ಏಳುತ್ತಿದ್ದ ಹೊತ್ತಿಗೇ ಬೆಟ್ಟದ ಆಚೆ ಲೆಡ್‌ವಿಲ್‌ನಲ್ಲಿ ಬೆಳ್ಳಿ ಸಿಕ್ಕಿತು, ಜನ ಅತ್ತ ಹೊರಟರು. ಅಲ್ಲಿ ಹೊರೇಸ್ ಟೇಬರ್ ಎಂಬ ಬೆಳ್ಳಿ ದೊರೆ 1879ರಲ್ಲಿ ತನ್ನೊಬ್ಬನ ದುಡ್ಡಿನಲ್ಲಿ ಒಂದು ಒಪೆರಾ ಹೌಸ್ ಎಬ್ಬಿಸಿದ. ಅದು ಸಾಲದೆಂದು 1881ರಲ್ಲಿ ಡೆನ್ವರಿನಲ್ಲೇ ಅದಕ್ಕಿಂತ ದೊಡ್ಡದಾದ ಟೇಬರ್ ಗ್ರ್ಯಾಂಡ್ ತೆರೆದ. ಇತ್ತ ಸೆಂಟ್ರಲ್ ಸಿಟಿಗೆ 1878ರಲ್ಲಿ ರೈಲು ಬಂದಿತ್ತು. ಅದು ನಾಟಕದವರನ್ನು ಮೇಲಕ್ಕೆ ಹತ್ತಿಸಿತು, ಊರಿನ ಕಾಸಿದ್ದವರನ್ನು ಕೆಳಗೆ ಡೆನ್ವರಿಗೂ ಇಳಿಸಿತು. ಹೊಸ ಬಟ್ಟೆ ಉಟ್ಟು ದೊಡ್ಡ ಊರಿನ ದೊಡ್ಡ ಮನೆಯಲ್ಲಿ ನಾಟಕ ನೋಡಿ ಬರುವ ಹುಕಿ ಯಾರಿಗಿಲ್ಲ?

ಇಲ್ಲಿ ನಮ್ಮ ಕಂಪನಿ ನಾಟಕಗಳ ನೆನಪು ಬರುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಮೊದಲಿಗೆ ಊರಿನ ಕೆಲವರು ಸೇರಿ ಕಟ್ಟಿಕೊಂಡದ್ದೇ. ಆದರೆ ಕಂಪನಿಯವರು ಒಂದೂರಿನಲ್ಲಿ ಕಲೆಕ್ಷನ್ ಬಿದ್ದರೆ ಕ್ಯಾಂಪ್ ಎತ್ತಿ ಇನ್ನೊಂದೂರಿಗೆ ಹೋಗಿ ಕೂರುತ್ತಿದ್ದರು. ತಗಡು, ಪರದೆ, ಅಡುಗೆ ಪಾತ್ರೆ ಎಲ್ಲ ಲಗೇಜಿನಲ್ಲಿ. ನಾಲ್ಕು ಅಡಿ ದಪ್ಪದ ಗೋಡೆ ಕ್ಯಾಂಪ್ ಎತ್ತುವುದಿಲ್ಲ.

ಎರಡನೇ ತಿರುವು ಬಂದದ್ದು 1880ರ ದಶಕದ ಆರಂಭದಲ್ಲಿ. ಲಾಭ ಕಾಣದೆ ಬೇಸತ್ತಿದ್ದ ಹೊತ್ತಿನಲ್ಲಿ ಕಟ್ಟಡವನ್ನು ಕೌಂಟಿಯ ಕೋರ್ಟು ಕಚೇರಿಗೆ ಮಾರಿಬಿಡುವ ಪ್ರಸ್ತಾಪ ಎದ್ದಿತು. ಗಟ್ಟಿ ಕಲ್ಲಿನ ದೊಡ್ಡ ಕಟ್ಟಡ, ಕಚೇರಿಗೆ ಹೇಳಿ ಮಾಡಿಸಿದಂತಿದೆ ಎಂಬ ವಾದ. ಬಾಗಿಲು ತೆರೆದು ಇನ್ನೂ ಐದು ವರ್ಷ ತುಂಬಿರಲಿಲ್ಲ! ಊರಿನ ಜನ ಸುಮ್ಮನಿರಲಿಲ್ಲ. ಪ್ರತಿಭಟಿಸಿದರು, ಮತ್ತೆ ಕೈಯಿಂದ ಹಣ ಹಾಕಿ ನಾಟಕದ ಮನೆಯನ್ನು ನಾಟಕಕ್ಕೇ ಉಳಿಸಿಕೊಂಡರು. ಕೌಂಟಿಗೆ ಅದರದೇ ಕೋರ್ಟು ಕಟ್ಟಡ ಬರುವ ಹೊತ್ತಿಗೆ 1900 ಆಗಿತ್ತು.

ಆ ಮಾರಾಟದ ಪ್ರಸ್ತಾಪದಲ್ಲಿ ಮೋಸವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಷೇರು ಎಂದರೇ ಹಾಗೆ. ಷೇರುದಾರ ಮಾಲೀಕ, ಮಾಲೀಕನಿಗೆ ಮಾರುವ ಹಕ್ಕಿದೆ. ಊರಿನವರು ಅಭಿಮಾನದಿಂದ ಹಣ ಕೊಟ್ಟಿದ್ದರು, ಕಾಗದದಲ್ಲಿ ಮಾತ್ರ ಅದು ಬಂಡವಾಳ ಎಂದು ಬರೆದಿತ್ತು. ಒಳ್ಳೆಯ ದಿನಗಳಲ್ಲಿ ಇವೆರಡರ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಬ್ಬ ಹೊತ್ತ ಹೊರೆ

ಆಮೇಲಿನ ನಲವತ್ತು ವರ್ಷಗಳನ್ನು ಬೇಗ ದಾಟುತ್ತೇನೆ. ಕಟ್ಟಡ ಕಡೆಗೆ ಬಂದು ಸೇರಿದ್ದು ಗುತ್ತಿಗೆದಾರನ ಕೈಗೆ. ಗಣಿ ಯಂತ್ರಗಳ ವ್ಯವಹಾರ ಮಾಡುತ್ತಿದ್ದ, ಊರಿನ ಮೇಯರ್ ಕೂಡ ಆಗಿದ್ದವನು. ತಾನೇ ನಿಂತು ಕಟ್ಟಿದ ಮನೆ ಎಂಬ ವ್ಯಾಮೋಹ ಇದ್ದಿರಬೇಕು, ಲೆಕ್ಕ ನೋಡಿದ್ದರೆ ಯಾರೂ ಆ ಹೊರೆ ಹೊರುತ್ತಿರಲಿಲ್ಲ. ನಾಟಕ ಕಡಿಮೆಯಾದಾಗ ಸಿನಿಮಾ ತೋರಿಸಿದ. ಅಷ್ಟರಲ್ಲಿ ಊರೇ ಕರಗುತ್ತಿತ್ತು. 1900ರಲ್ಲಿ 3,000 ದಾಟಿದ್ದ ಜನಸಂಖ್ಯೆ 1920ಕ್ಕೆ 600ಕ್ಕೂ ಕೆಳಗೆ ಬಂತು. 1927ರ ಹೊತ್ತಿಗೆ ಸಿನಿಮಾವೂ ನಿಂತು ಬಾಗಿಲಿಗೆ ಬೀಗ ಬಿತ್ತು. 1929ರಲ್ಲಿ ಗುತ್ತಿಗೆದಾರ ತೀರಿಕೊಂಡ.

ಸಮುದಾಯದ ಕಟ್ಟಡ ಒಬ್ಬನ ಹೆಗಲಿಗೆ ಬಂದದ್ದು ಸೋಲು ಎಂದು ಬರೆಯುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಮನುಷ್ಯ ಕಲ್ಲನ್ನು ಬಿಚ್ಚಿ ಮಾರಿದ್ದರೆ, ಗೋದಾಮು ಮಾಡಿ ಬಾಡಿಗೆಗೆ ಕೊಟ್ಟಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಒಂದಷ್ಟು ಕಾಲ ಏನೂ ಮಾಡದೆ ಕಾಯ್ದುಕೊಳ್ಳುವುದೂ ಒಂದು ಕೆಲಸ.

ಸೊಸೆ, ಗವರ್ನರರ ಮಗಳು ಮತ್ತು ನೂರು ಡಾಲರ್ ಕುರ್ಚಿ

ಗುತ್ತಿಗೆದಾರನ ಸೊಸೆ ಅದೇ ಊರಿನಲ್ಲಿ ಬೆಳೆದವಳು, ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವಳು. ಬಾಲ್ಯದಲ್ಲಿ ಕಂಡ ಮನೆ ಪಾಳು ಬೀಳುತ್ತಿರುವುದು ಅವಳ ಕಣ್ಣಿಗೆ ಚುಚ್ಚಿತು. ಅವಳಿಗೆ ಜೊತೆಯಾದದ್ದು ಕೊಲೊರಾಡೋದ ಹಿಂದಿನ ಗವರ್ನರರೊಬ್ಬರ ಮಗಳು, ಡೆನ್ವರಿನ ಕಲೆ, ಗ್ರಂಥಾಲಯದಂಥ ಕೆಲಸಗಳಲ್ಲಿ ಹೆಸರು ಮಾಡಿದ್ದವಳು. 1931ರಲ್ಲಿ ವಾರಸುದಾರರು ಕಟ್ಟಡವನ್ನು ಡೆನ್ವರ್ ವಿಶ್ವವಿದ್ಯಾಲಯಕ್ಕೆ ದಾನ ಬರೆದುಕೊಟ್ಟರು. ಅಲ್ಲಿಗೆ ಮಾರುವ ಮಾತು ಮುಗಿಯಿತು. ಈ ಪ್ರಕರಣದ ಅತಿ ದೊಡ್ಡ ತಿರುವು ಇದೇ. ನೋಡಲು ಒಂದು ದಾನಪತ್ರ ಅಷ್ಟೆ.

ದೇಶ ಆರ್ಥಿಕ ಮಹಾಕುಸಿತದಲ್ಲಿ ಒದ್ದಾಡುತ್ತಿದ್ದ ವರ್ಷಗಳವು. ದುರಸ್ತಿಗೆ ದುಡ್ಡು ಎಲ್ಲಿಂದ? ಅವರು ಹೊಸ ಷೇರು ಹೊರಡಿಸಲಿಲ್ಲ, ಕುರ್ಚಿ ಮಾರಿದರು. ಒಳಗಿದ್ದದ್ದು ಹಿಕರಿ ಮರದ ಕುರ್ಚಿಗಳು. ನೆಟ್ಟನೆಯ ಬೆನ್ನು, ಮೆತ್ತೆಯಿಲ್ಲದ ಗಟ್ಟಿ ಹಲಗೆ, ಮೂರನೇ ಅಂಕದ ಹೊತ್ತಿಗೆ ಸೊಂಟ ಹಿಡಿಸುವಂಥವು. 100 ಡಾಲರ್ ಕೊಟ್ಟರೆ ಒಂದು ಕುರ್ಚಿಯ ಬೆನ್ನಿನ ಮೇಲೆ ಆ ನಾಡಿಗೆ ಮೊದಲು ಬಂದು ನೆಲೆಸಿದ ಹಿರಿಯರೊಬ್ಬರ ಹೆಸರನ್ನು ಕೆತ್ತಿಸಬಹುದು. ಮೊಮ್ಮಕ್ಕಳು ಅಜ್ಜಂದಿರ ಹೆಸರು ಕೆತ್ತಿಸಿದರು. ಕಟ್ಟಡದಲ್ಲಿ ಅವರಿಗೆ ಪಾಲಿಲ್ಲ, ಲಾಭವಿಲ್ಲ, ಮಾರುವ ಹಕ್ಕಂತೂ ಇಲ್ಲವೇ ಇಲ್ಲ. ಅಜ್ಜನ ಹೆಸರಿನ ಕುರ್ಚಿ ಬಿಸಿಲು ಮಳೆಗೆ ಬೀಳದಂತೆ ನೋಡಿಕೊಳ್ಳುವ ಹಂಗು ಮಾತ್ರ ಇದೆ.

ನಮ್ಮ ಕಲ್ಯಾಣ ಮಂಟಪಗಳಲ್ಲಿ, ದೇವಸ್ಥಾನದ ಸಭಾಂಗಣಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು ಬರೆಸಿರುತ್ತೇವೆ. ಸ್ವಿಚ್ ಹಾಕಿದ ಕೂಡಲೇ ಹೆಸರು ಮಾಯ. ನಾನು ಇದನ್ನು ಗೇಲಿ ಮಾಡುತ್ತಿದ್ದವನು. ಈ ಕುರ್ಚಿಯ ಕಥೆ ಓದಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಉಳಿದ ಕೆಲಸ ಚುರುಕಾಗಿ ನಡೆಯಿತು. ದೂಳು ತೆಗೆದರು, ಬಣ್ಣ ಕಿತ್ತು ಮಂಕಾಗಿದ್ದ ಮಾಡಿನ ಚಿತ್ರಗಳಿಗೆ ಡೆನ್ವರಿನ ಕಲಾವಿದರಿಂದ ಮತ್ತೆ ಜೀವ ಬರಿಸಿದರು. 1932ರ ಜುಲೈನಲ್ಲಿ ಬಾಗಿಲು ತೆರೆಯಿತು. ನ್ಯೂಯಾರ್ಕಿನ ಹೆಸರಾಂತ ರಂಗವಿನ್ಯಾಸಕ ರಾಬರ್ಟ್ ಎಡ್ಮಂಡ್ ಜೋನ್ಸ್ "ಕ್ಯಾಮಿಲ್" ನಾಟಕವನ್ನು ಅಲ್ಲಿ ರಂಗಕ್ಕೆ ತಂದರು, ಮುಖ್ಯ ಪಾತ್ರದಲ್ಲಿ ಮೂಕಿ ಚಿತ್ರಗಳ ತಾರೆ ಲಿಲಿಯನ್ ಗಿಶ್. ಪ್ರೇಕ್ಷಕರು ಅಜ್ಜಿಯರ ಪೆಟ್ಟಿಗೆಯಿಂದ ಹಳೆಯ ಕಾಲದ ಉಡುಪು ತೆಗೆದು ತೊಟ್ಟು ಬಂದರು. 1878ರಲ್ಲಾಗಲಿ 1932ರಲ್ಲಾಗಲಿ ಒಪೆರಾ ಹೌಸಿನ ಉದ್ಘಾಟನೆಗೆ ಒಪೆರಾ ಇರಲಿಲ್ಲ ಎಂಬುದು ನನಗೆ ಇಂದಿಗೂ ಮೋಜೆನಿಸುತ್ತದೆ.

ನಾವು ಇದರಿಂದ ಎತ್ತಿಕೊಂಡದ್ದು

1932ರವರು ಮಾಡಿದ ಇನ್ನೊಂದು ತೀರ್ಮಾನ ಹೊರಗಿನವರ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ವರ್ಷವಿಡೀ ತೆರೆದಿಡುವ ಹಟವನ್ನೇ ಅವರು ಬಿಟ್ಟರು. ಬೇಸಿಗೆಯ ಕೆಲವು ವಾರ ಉತ್ಸವ, ಉಳಿದ ಕಾಲ ಬೀಗ. ಹಿಮ ಬೀಳುವ ತಿಂಗಳುಗಳಲ್ಲಿ ಖಾಲಿ ಮನೆಯನ್ನು ಬೆಚ್ಚಗಿಡುವ ಕೆಲಸ ಅಲ್ಲಿಗೆ ತಪ್ಪಿತು. ಇದು ನಮಗೆ ಹೊಸದೇನಲ್ಲ. ತೇರನ್ನು ವರ್ಷಕ್ಕೊಂದು ಸಲ ಎಳೆಯುತ್ತೇವೆ, ಮಿಕ್ಕ ದಿನ ಅದು ತೇರಿನ ಮನೆಯಲ್ಲಿ ತಗಡಿನ ಮರೆಯಲ್ಲಿ ನಿಂತಿರುತ್ತದೆ. ತೇರು ದಿನಾ ಓಡುತ್ತಿಲ್ಲ, ಹಾಗಾಗಿ ನಷ್ಟ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ರಂಗಮಂದಿರ ಎಂದ ಕೂಡಲೇ ಮಾತ್ರ ತಿಂಗಳಿಗೆ ಎಷ್ಟು ಬುಕ್ಕಿಂಗ್ ಎಂದು ಕೇಳುತ್ತೇವೆ. ಕೊನೆಗೆ ಅದನ್ನು ಮದುವೆ ಮಂಟಪ ಮಾಡಿ, ಸ್ಟೇಜಿನ ಮೇಲೆ ಬಾಳೆಲೆ ಹಾಸುತ್ತೇವೆ.

ಒಂದು ತಕರಾರು ನನ್ನಲ್ಲಿ ಉಳಿದಿದೆ. 1878ರಲ್ಲಿ ಆ ಮನೆಯಲ್ಲಿ ಹಾಡಿದವರು, ಕೇಳಿದವರು ಅದೇ ಊರಿನವರು. 1932ರಲ್ಲಿ ಬಂದ ತಾರೆ ಹೊರಗಿನವಳು, ಪ್ರೇಕ್ಷಕರಲ್ಲಿ ಬಹುಪಾಲು ಡೆನ್ವರಿನವರು, ಕಟ್ಟಡ ಡೆನ್ವರಿನ ಸಂಸ್ಥೆಯದು. ಉಳಿದದ್ದು ಊರಿನ ಮನೆಯೋ, ಊರಿನ ಹೆಸರಿನ ಮನೆಯೋ? ಈ ಪ್ರಶ್ನೆಯನ್ನು ನಮ್ಮ ಸಂಘದಲ್ಲಿ ಇಟ್ಟಾಗ ಹಿರಿಯರೊಬ್ಬರು, "ನಮ್ಮ ಜಾತ್ರೆಗೆ ದುಡ್ಡು ಕಳಿಸೋರು ಯಾರಪ್ಪ? ಬೆಂಗಳೂರಲ್ಲಿರೋ ನಮ್ಮ ಹುಡುಗರು ತಾನೇ. ಅವರು ಊರಿನವರಲ್ವಾ?" ಎಂದರು. ಅಜ್ಜನ ಹೆಸರಿನ ಕುರ್ಚಿ ಕೊಂಡ ಮೊಮ್ಮಗಳೂ ಡೆನ್ವರಿನಿಂದ ಬಂದಿದ್ದ ಊರಿನವಳೇ ಇರಬಹುದು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಮರುಮಾತಾಡಲೂ ಆಗಲಿಲ್ಲ.

ಸದ್ಯಕ್ಕೆ ನಮ್ಮಲ್ಲಿ ಆಗಿರುವುದು ಇಷ್ಟು. ಅಚ್ಚಿಗೆ ಕಳಿಸಿದ್ದ ರಸೀದಿ ಪುಸ್ತಕವನ್ನು ತಡೆಹಿಡಿದಿದ್ದೇವೆ. ಅದರಲ್ಲಿ "ಪಾಲು ಬಂಡವಾಳ" ಎಂದಿದ್ದ ಕಡೆ "ದೇಣಿಗೆ" ಎಂದು ತಿದ್ದಿದೆವು. ಟ್ರಸ್ಟ್ ಡೀಡಿನಲ್ಲಿ ಮಾರಾಟದ ಕಲಮು ಹೇಗಿರಬೇಕೆಂದು ವಕೀಲರ ಬಳಿ ಕೇಳಿದ್ದೇವೆ. ಖಜಾಂಚಿ ಮಾತ್ರ ಇನ್ನೂ ಮುನಿಸಿಕೊಂಡಿದ್ದಾರೆ, ಪಾಲು ಎಂದರೆ ಜನ ಹೆಚ್ಚು ಕೊಡುತ್ತಾರೆ ಎಂಬುದು ಅವರ ವಾದ. ಅದೂ ಸುಳ್ಳಲ್ಲ.

ಸೆಂಟ್ರಲ್ ಸಿಟಿಯ ಉತ್ಸವ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಿಂತು, ಮತ್ತೆ ಶುರುವಾಗಿ ಇವತ್ತಿಗೂ ನಡೆಯುತ್ತಿದೆ. ಈಗ ಅಲ್ಲಿರುವುದು 550 ಸೀಟು. 1956ರಲ್ಲಿ ಡಗ್ಲಸ್ ಮೂರ್ ಅವರ ಹೊಸ ಒಪೆರಾ "ದ ಬ್ಯಾಲಡ್ ಆಫ್ ಬೇಬಿ ಡೋ" ಮೊದಲ ಬಾರಿಗೆ ರಂಗ ಕಂಡದ್ದು ಆ ಮನೆಯಲ್ಲೇ. ಅದರ ಕಥಾನಾಯಕ ಬೇರಾರೂ ಅಲ್ಲ, ಒಬ್ಬನ ದುಡ್ಡಿನಲ್ಲಿ ಎರಡು ಒಪೆರಾ ಹೌಸ್ ಕಟ್ಟಿ, 1893ರಲ್ಲಿ ಬೆಳ್ಳಿ ಬೆಲೆ ಕುಸಿದಾಗ ಎಲ್ಲ ಕಳೆದುಕೊಂಡ ಹೊರೇಸ್ ಟೇಬರ್. ಗಣಿಗಾರರ ಮನೆಯಲ್ಲಿ ಅವನ ಕಥೆಯನ್ನು ಹಾಡಿದ ಎಂಟು ವರ್ಷಕ್ಕೆ, 1964ರಲ್ಲಿ, ಡೆನ್ವರಿನ ಟೇಬರ್ ಗ್ರ್ಯಾಂಡ್ ಕಟ್ಟಡವನ್ನು ನೆಲಸಮ ಮಾಡಿದರು.